ಪಿಪರಪಾತಿಯಲ್ಲಿ ನಿಂತ ಗಾಡಿ

ಢಬ್ ಎಂದು ಮೊದಲನೆಯ ಪಟಾಕಿ ಸಿಡಿಯಿತು. ಅದರ ಬೆನ್ನಿಗೇ ಎರಡನೆಯದು. ಹಳಿಯ ಬದಿಯ ಇಳಿಜಾರಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಜೋಖನ್ ಎದ್ದು ನಿಂತು ಲಾಂದ್ರ ಎತ್ತಿ ಹಿಡಿದ. ಪ್ಯಾಸೆಂಜರ್ ಗಾಡಿ ಅವನ ಮೂಗಿನ ಮುಂದೆಯೇ ಹಾದುಹೋಯಿತು, ಆದರೆ ಕಂಡದ್ದು ಗಾಡಿಯಲ್ಲ. ಮಂಜಿನೊಳಗೆ ಹಳದಿ ಕಿಟಕಿಗಳ ಮಬ್ಬು ಸಾಲೊಂದು ತೇಲಿಹೋಯಿತು, ಅಷ್ಟೆ. ಕೊನೆಯ ಬೋಗಿ ದಾಟುವಾಗ ಬಾಗಿಲಿನಿಂದ ಯಾರೋ ಕೂಗಿದಂತಾಯಿತು. ತಮ್ಮ ತಪೇಸರನೇ ಇರಬೇಕು. ಆ ಬೋಗಿಯಲ್ಲಿ ಅವರ ತಾಯಿ ದುಲಾರಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಊರಿಗೆ ಬರುತ್ತಿದ್ದಳು.

ಬೆಳಗಾಗಿ ಬಹಳ ಹೊತ್ತಾಗಿತ್ತು. ಆದರೆ ಪುಷ್ಯದಲ್ಲಿ ಘಾಘರಾ ನದಿಯ ಈ ಬಯಲಿನಲ್ಲಿ ಬೆಳಗು ಎನ್ನುವುದು ಬರಿಯ ಮಾತು. ಸೂರ್ಯ ಹುಟ್ಟಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಕಪ್ಪು ಹೋಗಿ ಬಿಳಿ ಬರುತ್ತದೆ, ಕಾಣುವುದು ಮಾತ್ರ ಏನೂ ಇಲ್ಲ. ಜೋಖನ್ ನಿಂತದ್ದು ಎರಡು ಸ್ಟೇಷನ್ನುಗಳ ನಡುವೆ, ಬಟಾಣಿ ಹೊಲಗಳ ಮಧ್ಯೆ. ಅಲ್ಲಿಂದ ಸ್ವಲ್ಪ ಮುಂದೆ ಒಂಟಿ ಸಿಗ್ನಲ್ ಒಂದಿದೆ. ಗಾಡಿ ಅದನ್ನು ದಾಟಿದ ಕೂಡಲೇ ಅದು ಕೆಂಪಾಗುತ್ತದೆ. ಹಿಂದೆ ಬರುವ ಗಾಡಿ ಅಲ್ಲಿಯವರೆಗೆ ಬಂದು ನಿಂತು ಕಾಯಬೇಕು. ಈ ಮಂಜಿನಲ್ಲಿ ಡ್ರೈವರನಿಗೆ ಸಿಗ್ನಲ್ ಹಾಗಿರಲಿ, ತನ್ನ ಇಂಜಿನ್ನಿನ ಮೂತಿಯೇ ಕಾಣುವುದಿಲ್ಲ. ಅದಕ್ಕೇ ಸಿಗ್ನಲಿಗಿಂತ ಹಿಂದೆಯೇ ಹಳಿಗೆ ಪಟಾಕಿ ಕಟ್ಟಲು ಒಬ್ಬ ಆಳನ್ನು ನಿಲ್ಲಿಸುತ್ತಾರೆ. ಪಟಾಕಿ ಎಂದರೆ ಬಿಲ್ಲೆಯಂಥ ತಗಡಿನ ಡಬ್ಬಿ, ಎರಡು ಕಡೆ ಸೀಸದ ಪಟ್ಟಿ. ಪಟ್ಟಿಯನ್ನು ಹಳಿಯ ತಲೆಗೆ ಬಗ್ಗಿಸಿ ಬಿಗಿದರೆ ಆಯಿತು. ಚಕ್ರ ಹತ್ತಿದಾಗ ಸಿಡಿಯುತ್ತದೆ, ಡ್ರೈವರ್ ಬ್ರೇಕಿನ ಮೇಲೆ ಕೈಯಿಟ್ಟು ಸಿಗ್ನಲಿಗಾಗಿ ಕಣ್ಣು ನೆಟ್ಟು ನೋಡುತ್ತಾನೆ. ಒಂದು ಗಾಡಿ ಹೋಯಿತೆಂದರೆ ಮುಂದಿನದಕ್ಕೆ ಬೇರೆ ಜೋಡಿ. ಈ ಕೆಲಸಕ್ಕೆ ಇಬ್ಬರಿರಬೇಕು. ಜೊತೆಯವನಾದ ಭಗೇಲು ಜ್ವರವೆಂದು ಮಲಗಿದ್ದ. ಬದಲಿ ಆಳು ಕೊಡಿ ಎಂದರೆ ಮೇಸ್ತ್ರಿ, "ಪಟಾಕಿ ಕಟ್ಟೋಕೆ ನಿಂಗೆ ಮೆರವಣಿಗೆ ಬೇಕೇನೋ?" ಎಂದು ನಕ್ಕಿದ್ದ.

ಜೋಖನ್ ಹೆಗಲ ಚೀಲದಿಂದ ಎರಡು ಪಟಾಕಿ ತೆಗೆದ. ಬೆರಳುಗಳು ಸೆಟೆದಿದ್ದವು. ಉಸಿರು ಊದಿ ಬೆಚ್ಚಗೆ ಮಾಡಿಕೊಂಡು ಹಳಿಯ ಮೇಲೆ ಬಗ್ಗುವಷ್ಟರಲ್ಲಿ ಮುಂದಿನಿಂದ ಬ್ರೇಕಿನ ಗಾಳಿ ಬಿಟ್ಟ ಸದ್ದು ಕೇಳಿಸಿತು. ಚಕ್ರಗಳು ಕಿರ್ರೆಂದವು. ಗಾಡಿ ನಿಂತಿತು.

ಅವನಿಗೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಪಿಪರಪಾತಿಗೆ ಸ್ಟೇಷನ್ ಇಲ್ಲ. ಆದರೆ ಪಿಪರಪಾತಿಯಲ್ಲಿ ನಿಲ್ಲದ ಪ್ಯಾಸೆಂಜರ್ ಗಾಡಿಯೂ ಇಲ್ಲ. ಊರಿನವರಲ್ಲಿ ಯಾರೋ ಒಬ್ಬ ಮಾವಿನ ತೋಪು ಬರುತ್ತಲೇ ಚೈನು ಎಳೆಯುತ್ತಾನೆ, ಜನ ಇಳಿದು ಹೊಲದ ಬದುವಿನ ಮೇಲೆ ಮನೆಗೆ ಹೋಗುತ್ತಾರೆ. ಅಜ್ಜಂದಿರ ಕಾಲದಿಂದ ಬಂದ ಪದ್ಧತಿ. ಮದುವೆಯ ದಿಬ್ಬಣ ಇಳಿದಿದೆ, ಎಮ್ಮೆ ಕರು ಇಳಿದಿದೆ, ಹೆಣವೂ ಇಳಿದಿದೆ. ಗಾಡಿ ಹೀಗೆ ನಡುದಾರಿಯಲ್ಲಿ ನಿಂತರೆ ಗಾರ್ಡು ಕೆಂಪು ದೀಪ, ಪಟಾಕಿ ಹಿಡಿದು ಹಿಂದಕ್ಕೆ ನಡೆದು ಬಂದು ಹಳಿ ಕಾಯಬೇಕು. ಪುಸ್ತಕದಲ್ಲಿ ಹಾಗೆ ಬರೆದಿದೆ. ದಿನಾ ನಿಲ್ಲುವ ಗಾಡಿಗೆ ದಿನಾ ಯಾವ ಗಾರ್ಡು ನಡೆದಾನು? ತನ್ನ ಮೆಟ್ಟಿಲ ಮೇಲೆ ನಿಂತು ಊರಿನವರ ವಂಶವನ್ನೆಲ್ಲ ಬಯ್ಯುತ್ತಾನೆ. ಅಷ್ಟರಲ್ಲಿ ಎಲ್ಲರೂ ಇಳಿದಿರುತ್ತಾರೆ.

ಇವತ್ತು ಚೈನು ಎಳೆಯುವ ಸರದಿ ತಪೇಸರನದು. ಪಟ್ಟಣದಲ್ಲಿ ಧರ್ಮದ ಕಣ್ಣಿನ ಶಿಬಿರ ನಡೆದಿತ್ತು. ಪೊರೆ ತೆಗೆಸುವುದಕ್ಕೆ ಚಳಿಗಾಲವೇ ಒಳ್ಳೆಯದು, ಗಾಯ ಕೀವಾಗುವುದಿಲ್ಲ ಎಂದು ಈ ಕಡೆಯವರ ನಂಬಿಕೆ. ಊರಿನ ಮುದುಕ ಮುದುಕಿಯರೆಲ್ಲ ಒಟ್ಟಿಗೇ ಹೋಗಿದ್ದರು. ದುಲಾರಿ ಮೂರು ವರ್ಷದಿಂದ ಒಲ್ಲೆ ಒಲ್ಲೆ ಎನ್ನುತ್ತಿದ್ದವಳನ್ನು ಜೋಖನ್ನೇ ಗದರಿಸಿ ಕಳಿಸಿದ್ದ.

"ಭೈಯಾ! ಏ ಭೈಯಾ! ಎಲ್ಲಿದ್ದೀಯಾ?"

ಮಂಜನ್ನು ಸೀಳಿಕೊಂಡು ತಪೇಸರ ಓಡಿಬಂದ. ಏದುಸಿರು ಬಿಡುತ್ತಿದ್ದ.

"ಬೇಗ ಬಾ. ಮಾಯಿ ಬೆಂಚು ಬಿಟ್ಟು ಏಳ್ತಾ ಇಲ್ಲ. ಮೆಟ್ಟಿಲು ಕಾಣಲ್ಲ, ಬಿದ್ರೆ ಕಣ್ಣು ಹೋಯ್ತದೆ ಅಂತ ಅಳ್ತಾ ಕೂತವ್ಳೆ. ಬಾಗಿಲಾಗೆ ಬೇಚನ್ ಕಾಕಾ ಸಿಕ್ಕಾಕೊಂಡವ್ನೆ. ಆ ಗುಡಾಣಾನ ನಾನೊಬ್ನೇ ಹೆಂಗೆ ಎತ್ಲಿ?"

"ಊರೋರು ಯಾರೂ ಬಂದಿಲ್ವೇನೋ?"

"ಬಂದವ್ರೆ, ಎಲ್ಲಾ ಹೆಂಗಸ್ರು. ಗಂಡಸ್ರು ಕಬ್ಬು ಹಾಕೋಕೆ ಫ್ಯಾಕ್ಟ್ರಿಗೆ ಹೋಗವ್ರೆ. ಬಾ ಭೈಯಾ, ಗಾರ್ಡು ಗಾಡಿ ಬಿಡ್ತೀನಿ ಅಂತ ಕುಣೀತಾ ಅವ್ನೆ. ಮಾಯಿನ ಮುಂದಿನ ಸ್ಟೇಷನ್ನಿಂದ ಯಾರು ಹೊತ್ಕೊಂಡು ಬರ್ತಾರೆ?"

"ಡ್ಯೂಟಿ ಕಣಲಾ. ಇದೊಂದು ಕಟ್ಬಿಟ್ಟು ಬತ್ತೀನಿ."

ಜೋಖನ್ ಮತ್ತೆ ಬಗ್ಗಿದ. ಸೀಸದ ಪಟ್ಟಿ ಚಳಿಗೆ ಕಲ್ಲಾಗಿತ್ತು. ಒಂದು ಕಡೆ ಬಗ್ಗಿಸಿದರೆ ಇನ್ನೊಂದು ಕಡೆ ಜಾರಿತು. ಆಗಲೇ ಮುಂದಿನಿಂದ ಇಂಜಿನ್ ಸೀಟಿ ಹಾಕಿತು, ಹೊರಡುತ್ತೇನೆ ಎನ್ನುವಂತೆ. "ನೋಡು, ಹೊಂಟೇಬಿಡ್ತು!" ಎಂದು ತಪೇಸರ ಅವನ ತೋಳು ಹಿಡಿದೆಳೆದ. ಹಿಂದಿನ ಗಾಡಿ ಎಷ್ಟೊತ್ತಿಗೆ ಬರುತ್ತದೋ ದೇವರಿಗೇ ಗೊತ್ತು. ಎಲ್ಲ ಗಾಡಿಗಳೂ ಅರ್ಧ ದಿನ ತಡ. ಬಂದರೂ ಮುಂದೆ ಸಿಗ್ನಲ್ ಕೆಂಪಗಿದೆ, ಕೊನೆಗೆ ಗಾರ್ಡು ಎನ್ನುವವನೊಬ್ಬ ಇದ್ದಾನೆ. ಜೋಖನ್ ಪಟಾಕಿಯನ್ನು ಚೀಲಕ್ಕೆ ಎಸೆದು, ಲಾಂದ್ರವನ್ನು ಅಲ್ಲೇ ಬಿಟ್ಟು, ತಮ್ಮನ ಹಿಂದೆ ಓಡಿದ.

ಕೊನೆಯ ಬೋಗಿಯ ಹತ್ತಿರ ಸಂತೆಯಾಗಿತ್ತು. ಅರ್ಧ ಬೋಗಿ ಗಾರ್ಡಿನದು, ಅರ್ಧ ಜನರದು. ಬಾಗಿಲಿನ ತುಂಬ ಬೇಚನ್ ಕಾಕಾ ಅಡ್ಡ ನಿಂತಿದ್ದ, ಒಂದು ಕಣ್ಣಿನ ಮೇಲೆ ಹಸಿರು ಬಟ್ಟೆಯ ಪಟ್ಟಿ, ಇನ್ನೊಂದು ಕಣ್ಣು ಮುಂಚಿನಿಂದಲೇ ಕಾಣದ್ದು. ಅವನ ಹಿಂದೆ ಇನ್ನೂ ಹಸಿರು ಪಟ್ಟಿಗಳು. ಕೆಳಗೆ ಸೊಸೆಯರು ಕೈಚಾಚಿ ನಿಂತಿದ್ದರು. ಮೆಟ್ಟಿಲಿನಿಂದ ಕಲ್ಲುಹಾಸಿಗೆ ಆಳೆತ್ತರದ ಇಳಿವು.

"ಏನ್ರಯ್ಯಾ ಇದು, ನಿಮ್ಮ ತಾತ ಬಿಟ್ಟುಹೋದ ಎತ್ತಿನ ಗಾಡೀನಾ?" ಗಾರ್ಡು ಕಿರುಚುತ್ತಿದ್ದ. "ಎಲ್ಲರನ್ನೂ ಒಳಗೆ ಹಾಕಿಸ್ತೀನಿ. ಕುರುಡರು ಅಂತ ಬಿಡಲ್ಲ!"

"ಬಯ್ಯಪ್ಪಾ ಬಯ್ಯಿ," ಎಂದು ಒಳಗಿನಿಂದ ಬತಾಸಿ ಕಾಕಿಯ ದನಿ. "ಇವತ್ತು ನಂಗೆ ಕಾಣಕಿಲ್ಲ ಅಂತ ತಾನೇ? ಪಟ್ಟಿ ಬಿಚ್ಲಿ, ನಿನ್ನ ಮೂತಿ ನೋಡ್ಕೊಂಡು ಹೋಗೋಕೆ ಅಂತಾನೇ ಒಂದ್ಸಲ ಬತ್ತೀನಿ."

ಹೆಂಗಸರು ನಕ್ಕರು. ಬೇಚನ್ ಕಾಕಾ, "ನಗ್ರೇ ನಗ್ರಿ, ನನ್ನ ಕಾಲು ಗಾಳೀಲಿ ನೇತಾಡ್ತಾ ಐತೆ" ಎಂದ.

ಜೋಖನ್ ಮುದುಕನಿಗೆ ಬೆನ್ನು ಕೊಟ್ಟ. "ಕುತ್ಗೆ ಹಿಚುಕಬೇಡ ಕಾಕಾ, ಸಡಿಲ ಹಿಡಿ." ಒಳಗೆ ತಾಯಿ ಯಾರಿಗೋ ಹೇಳುತ್ತಿದ್ದುದು ಅವನ ಕಿವಿಗೆ ಬಿತ್ತು: "ನಾನು ಇಳಿಯಾಕಿಲ್ಲ, ನನ್ನ ಬಿಟ್ಬಿಡ್ರಿ." ಮೊದಲು ಬಾಗಿಲು ಬಿಡಿಸಬೇಕು, ಆಮೇಲೆ ಅವಳನ್ನು ಎತ್ತಿಕೊಂಡರೆ ಆಯಿತು ಎಂದುಕೊಂಡು, ಅವಳನ್ನು ಕೂಗದೆ, ಮುದುಕನನ್ನು ಹೊತ್ತು ಇಳಿಜಾರು ಇಳಿದ. ತಪೇಸರನೂ ಪಕ್ಕದಲ್ಲಿ ಕಾಕಾನ ಸೊಂಟ ಹಿಡಿದು ಇಳಿದ.

ಬದುವಿನ ಮೇಲೆ ಮುದುಕನನ್ನು ಕೂರಿಸುವಾಗ ಜೋಖನ್ನಿಗೆ ಅದು ಕೇಳಿಸಿತು. ಹಳಿ ಗುಂಯ್ ಎನ್ನುತ್ತಿತ್ತು.

ಅವನು ತಲೆಯೆತ್ತಿದ. ಈಗ ಎರಡು ಸದ್ದು ಬರಬೇಕು, ಢಬ್, ಢಬ್. ಅವನ ಇಡೀ ಮೈ ಆ ಸದ್ದಿಗೆ ಕಿವಿಯಾಯಿತು. ಬರಲಿಲ್ಲ. ಯಾಕೆ ಬರಲಿಲ್ಲವೆಂಬುದು ಗೊತ್ತಿದ್ದರೂ ಅವನು ಕಾದ. ಗಾಡಿಯ ಗಡಗಡ ಮಾತ್ರ ಹತ್ತಿರವಾಗುತ್ತಾ ಹೋಯಿತು, ಎಲ್ಲೂ ತಡೆಯದೆ, ನಿಧಾನವಾಗದೆ.

"ಇಳೀರಿ! ಎಲ್ಲಾ ಇಳೀರಿ! ಮಾಯೀ!" ಎಂದು ಕಿರುಚಿಕೊಂಡು ಅವನು ಇಳಿಜಾರು ಹತ್ತಿದ. ಗಾರ್ಡು ತನ್ನ ಮೆಟ್ಟಿಲಿನಿಂದ ಜಿಗಿದು ಹಿಂದಕ್ಕೆ ಓಡಿದ, ಕೆಂಪು ದೀಪ ಬೀಸುತ್ತಾ. ಮಂಜಿನಲ್ಲಿ ಮೊದಲು ದೀಪದ ಬೆಳಕು ಕಂಡಿತು. ಅದು ನೋಡನೋಡುತ್ತ ಮನೆಯಷ್ಟು ದೊಡ್ಡದಾಯಿತು. ಆಮೇಲೆ ಬ್ರೇಕಿನ ಚೀರಾಟ. ತೀರ ತಡವಾದ ಚೀರಾಟ.

ಜೋಖನ್ ಕಣ್ಣು ಬಿಟ್ಟಾಗ ಬಟಾಣಿ ಬಳ್ಳಿಗಳ ಮೇಲೆ ಬಿದ್ದಿದ್ದ. ಬಾಯಿ ತುಂಬ ಮಣ್ಣು. ಒಂದು ಗಳಿಗೆ ಲೋಕದಲ್ಲಿ ಸದ್ದೇ ಇರಲಿಲ್ಲ. ಆಮೇಲೆ ಎಲ್ಲ ಸದ್ದೂ ಒಟ್ಟಿಗೆ ಬಂತು.

ಎದ್ದು ಓಡಿದ. ಏನು ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ಹಿಂದಿನ ಗಾಡಿಯ ಇಂಜಿನ್ ಕೊನೆಯ ಬೋಗಿಯೊಳಕ್ಕೆ ಅರ್ಧ ನುಗ್ಗಿ, ಅದನ್ನು ಎತ್ತಿ ಪಕ್ಕದ ಹಳಿಯ ಮೇಲೆ ಮಗುಚಿತ್ತು. ಅದರ ಮುಂದಿನ ಬೋಗಿ ಅಡ್ಡಡ್ಡಲಾಗಿ ಎರಡು ಹಳಿಗಳನ್ನೂ ಮುಚ್ಚಿ ಮಲಗಿತ್ತು. ಇಂಜಿನ್ನಿನ ಮುಂಭಾಗ ಇರಬೇಕಾದ ಕಡೆ ಬರಿಯ ಸುಕ್ಕಾದ ತಗಡು. ಅಲ್ಲಿ ಕೂತಿದ್ದ ಡ್ರೈವರ್ ಯಾರೋ, ಯಾವ ಊರಿನವನೋ. ಜೋಖನ್ ಆ ಕಡೆ ನೋಡಲಾರದೆ ಮುಖ ತಿರುಗಿಸಿದ. ಗಾರ್ಡು ಎಲ್ಲೂ ಇರಲಿಲ್ಲ.

"ಮಾಯಿ! ಮಾಯಿ!" ತಪೇಸರ ಆಗಲೇ ಮಗುಚಿದ ಬೋಗಿಯ ಮೇಲೆ ಹತ್ತಿ ಕಿಟಕಿ ಸರಳು ಹಿಡಿದು ಅಲುಗಾಡಿಸುತ್ತಿದ್ದ. ಅವನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಒಳಗಿನಿಂದ ಹತ್ತಾರು ಬಾಯಿಗಳು ಹತ್ತಾರು ಹೆಸರು ಕೂಗುತ್ತಿದ್ದವು. ಬತಾಸಿ ಕಾಕಿಯ ಸೊಸೆ ಹಳಿಯ ಕಲ್ಲುಗಳ ಮೇಲೆ ಕೂತು ಕಾಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಸಿರು ಪಟ್ಟಿ ಜಾರಿದ್ದನ್ನು ಮತ್ತೆ ಮತ್ತೆ ನೆಟ್ಟಗೆ ಮಾಡುತ್ತಿದ್ದಳು. ಕಾಕಿಗೆ ಇನ್ನು ಅದರ ಅಗತ್ಯವಿರಲಿಲ್ಲ.

"ಲೋ, ಹೋಗಿ ಟ್ರ್ಯಾಕ್ಟರ್ ಜಾಕು ತಗೊಂಡು ಬಾ. ಕೊಡ್ಲಿ, ಹಾರೆ, ಸಿಕ್ಕಿದ್ದು ತಗೊಂಡು ಬಾ. ಹೋಗೋ!" ಎಂದು ತಮ್ಮನನ್ನು ತಳ್ಳಿ ಜೋಖನ್ ಒಡೆದ ಬಾಗಿಲಿನೊಳಗೆ ತೂರಿಕೊಂಡ.

ಒಳಗೆ ಕತ್ತಲು. ಗೋಡೆ ನೆಲವಾಗಿತ್ತು, ಬೆಂಚುಗಳು ತಲೆಯ ಮೇಲೆ ನೇತಾಡುತ್ತಿದ್ದವು. ತೆವಳಿದ. ಕೈಗೆ ಸಿಕ್ಕಿದ್ದು ಗಂಟೋ ಮನುಷ್ಯರೋ ಮುಟ್ಟಿ ಮುಟ್ಟಿ ನೋಡಿದ. ಕೊನೆಗೆ ಮೂಲೆಯಲ್ಲಿ ಅವಳ ಸಿಡುಕಿನ ಗೊಣಗಾಟ ಕೇಳಿಸಿತು. ಮನೆಯಲ್ಲಿ ಒಲೆ ಹತ್ತದಿದ್ದಾಗ ಗೊಣಗುವ ಹಾಗೆಯೇ. ಕಬ್ಬಿಣದ ಚೌಕಟ್ಟಿನ ಬೆಂಚೊಂದು ಕಿತ್ತುಬಂದು ಅವಳ ಎದೆಯ ಮೇಲೆ ಕೂತಿತ್ತು, ಅದರ ಮೇಲೆ ಇನ್ನೊಂದು.

ಅವನು ಚೌಕಟ್ಟಿನ ಕೆಳಗೆ ಹೆಗಲು ಕೊಟ್ಟು ಎತ್ತಿದ. ಅದು ಎರಡು ಬೆರಳಷ್ಟು ಎದ್ದಿತು. ದುಲಾರಿ ಉಸಿರನ್ನು ಒಳಕ್ಕೆಳೆದುಕೊಂಡಳು.

"ಯಾರಪ್ಪಾ ಪುಣ್ಯಾತ್ಮ? ಹಾ... ಈಗ ಉಸಿರು ಬಂತು. ಹಂಗೇ ಹಿಡ್ಕೋ." ಅವಳ ಕೈ ಗಾಳಿಯಲ್ಲಿ ತಡಕಾಡಿ ಅವನ ಮೊಣಕಾಲಿಗೆ ತಾಗಿತು. "ಯಾವೂರಪ್ಪಾ ನಿಂದು? ಏನಾಯ್ತು ಗಾಡಿಗೆ?"

ಜೋಖನ್ನಿನ ಬಾಯಿ ತೆರೆಯಿತು. ಹಲ್ಲು ಕಚ್ಚಿ ಮುಚ್ಚಿಕೊಂಡ.

"ನನ್ನ ದೊಡ್ಡ ಮಗ ಇಲ್ಲೇ ಸಿಗ್ನಲ್ ತಾವ ಅವ್ನೆ," ಎಂದಳು ಅವಳು. "ಪಟಾಕಿ ಡ್ಯೂಟಿ. ಅವನಿಗೆ ಹೇಳ್ಬೇಡ್ರಪ್ಪಾ ನಾನು ಸಿಕ್ಕಾಕೊಂಡಿದ್ದೀನಿ ಅಂತ. ಎದ್ದೂ ಬಿದ್ದೂ ಓಡಿ ಬಂದಾನು. ಡ್ಯೂಟಿ ಬಿಟ್ಟು ಬಂದ್ರೆ ಕೆಲಸ ಹೋಯ್ತದೆ."

ಅವನು ಚೌಕಟ್ಟು ಜಾರದಂತೆ ಕಾಲನ್ನು ಗೋಡೆಗೆ ಒತ್ತಿದ. ಮೂಗಿನಿಂದ ನೀರು ಇಳಿದು ತುಟಿಗೆ ಬಂತು, ಒರೆಸಿಕೊಳ್ಳಲು ಕೈಯಿರಲಿಲ್ಲ. ಮಾತಾಡಿದರೆ ಅವಳಿಗೆ ದನಿ ಗೊತ್ತಾಗುತ್ತದೆ. ಮಾತಾಡದಿದ್ದರೆ ಅವಳು ಮಾತು ನಿಲ್ಲಿಸುತ್ತಾಳೆ, ನಿಲ್ಲಿಸಿದರೆ ನಿದ್ದೆ ಹತ್ತುತ್ತದೆ. ಹಾಗೆ ನಿದ್ದೆ ಹತ್ತಿದವರು ಏಳುವುದಿಲ್ಲವೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಭೈಯಾ!" ಹೊರಗಿನಿಂದ ತಪೇಸರ. "ಭೈಯಾ, ಜಾಕು ತರೋಕೆ ಟ್ರ್ಯಾಕ್ಟರ್ ಇರೋ ಪಾಂಡೆ ಮನೆಗೆ ಹೆಂಗಸ್ರು ಓಡವ್ರೆ. ಮಾಯಿ ಸಿಕ್ಕಿದ್ಲಾ? ಇಲ್ಲಿ ಜನ ನಮ್ಮ ಗಾಡಿ ಡ್ರೈವರನ್ನ ಹಿಡ್ಕೊಂಡು ಚಚ್ತಾ ಅವ್ರೆ. ಪಾಪ, ಏನಾಯ್ತು ಅಂತ ನೋಡೋಕೆ ಓಡಿಬಂದ, ಅವನನ್ನೇ ಹಿಡ್ಕೊಂಡ್ರು. ಸಾಯಿಸಿಬಿಡ್ತಾರೆ ಭೈಯಾ!"

ದುಲಾರಿಯ ಕೈ ಅವನ ಮೊಣಕಾಲ ಮೇಲೆ ನಿಂತುಹೋಯಿತು. ಬೆರಳುಗಳು ಮೆಲ್ಲಗೆ ಮೇಲಕ್ಕೆ ಬಂದು, ಕೋಟಿನ ಅಂಚು, ರೈಲ್ವೆಯ ಹಿತ್ತಾಳೆ ಗುಂಡಿ, ಹೆಗಲ ಚೀಲ ಎಲ್ಲವನ್ನೂ ತಡವಿದವು.

"ಬಬುಆ? ನೀನೇನೋ ಮಗಾ?"

"ಊಂ."

"ನೀನು ಇಲ್ಲಿದ್ರೆ ಅಲ್ಲಿ ಯಾರು?"

"ಭಗೇಲು ಅವ್ನೆ."

"ಭಗೇಲುಗೆ ಜ್ವರ ಅಂತ ಗಾಡೀಲಿ ತಪೇಸರ ಹೇಳ್ದ."

ಹೊರಗೆ ಯಾವುದೋ ಹೆಂಗಸು ದೇವರನ್ನು ಬಯ್ಯುತ್ತಿದ್ದಳು, ಒಂದೇ ಬೈಗುಳವನ್ನು ಮತ್ತೆ ಮತ್ತೆ.

"ನಾನು ಕಿವಿಗೊಟ್ಕೊಂಡೇ ಇದ್ದೆ," ಎಂದಳು ದುಲಾರಿ. "ನಮ್ಮ ಗಾಡಿಗೆ ಪಟಾಕಿ ಹೊಡೀತು, ಬತಾಸಿಗೆ ಹೇಳ್ದೆ, ಅಗೋ ನನ್ನ ಮಗ ಅಂತ. ಆಮೇಲೆ ಹಿಂದೆ ಬಂದದ್ದಕ್ಕೆ ಹೊಡೀಲೇ ಇಲ್ಲ."

"ಅಲ್ಲಿ ಯಾರೂ ಇರಲಿಲ್ಲ ಮಾಯಿ. ನಿನ್ನ ಇಳಿಸೋಕೆ ಬಂದೆ. ಕಟ್ಟೋಕೆ ಹೋದೆ, ಕೈ ಬಗ್ಗಲಿಲ್ಲ. ಬಿಟ್ಟು ಬಂದ್ಬಿಟ್ಟೆ."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಆ ಚೌಕಟ್ಟಿನ ಭಾರ ಸ್ವಲ್ಪ ಕಡಿಮೆಯಾಗುತ್ತಿತ್ತು. ಅವಳ ಉಸಿರಾಟ ಕೇಳಿಸುತ್ತಿತ್ತು, ಹರಿದ ಬಟ್ಟೆಯನ್ನು ಎಳೆದಂತೆ.

"ನಾನು ಹಟ ಮಾಡ್ಕೊಂಡು ಕೂತೆ, ಇಳಿಯಾಕಿಲ್ಲ ಅಂತ," ಎಂದಳು. ಆಮೇಲೆ ತಲೆಯನ್ನು ಸ್ವಲ್ಪ ಓರೆ ಮಾಡಿ ಕಿವಿಗೊಟ್ಟಳು. "ಬಬುಆ, ಆ ಕಡೆಯಿಂದ ಬರೋ ಗಾಡಿ ಹೋಯ್ತಾ?"

"ಯಾವ್ದು?"

"ಅದೇ ಕಣೋ. ನಮ್ಮ ಗಾಡಿ ಈ ಕಡೆ ಹೋದ್ಮೇಲೆ ಆ ಕಡೆಯಿಂದ ಒಂದು ಬತ್ತದಲ್ಲ. ಪಕ್ಕದ ಹಳೀಲಿ. ಅದು ಬಂದ್ಮೇಲೆ ನಾನು ಅನ್ನಕ್ಕಿಡೋದು."

ಪಕ್ಕದ ಹಳಿ. ಈ ಬೋಗಿ ಮಲಗಿರುವುದೇ ಆ ಹಳಿಯ ಮೇಲೆ. ಮುಂದಿನಿಂದ ಬರುವ ಗಾಡಿಗೆ ಇಲ್ಲೇನಾಗಿದೆ ಎಂದು ಗೊತ್ತಿಲ್ಲ, ಸಿಗ್ನಲಿಗೂ ಗೊತ್ತಿಲ್ಲ. ಹೇಳಬೇಕಾದ ಗಾರ್ಡು ಇಲ್ಲ. ಹೇಳಬೇಕಾದ ಡ್ರೈವರನನ್ನು ಜನ ಚಚ್ಚುತ್ತಿದ್ದಾರೆ. ಪಟಾಕಿ ಇರುವುದು ಒಂದೇ ಚೀಲದಲ್ಲಿ, ಆ ಚೀಲ ಅವನ ಹೆಗಲಲ್ಲಿದೆ.

"ತಪೇಸರ! ಲೋ ತಪೇಸರ!" ಎಂದು ಅರಚಿದ. ಡ್ರೈವರನನ್ನು ಬಿಡಿಸಲು ಹೋದನೋ, ಜಾಕಿಗೆ ಹೋದನೋ. "ಯಾರಾದ್ರೂ ಬರ್ರೋ! ಗಾಡಿ ಬತ್ತಾ ಐತೆ! ಆ ಕಡೆ ಓಡ್ರೋ!" ಕೂಗುವವರ ನಡುವೆ ಅವನದೂ ಒಂದು ಕೂಗು, ಯಾರಿಗೆ ಕೇಳಿಸಬೇಕು?

"ಹೋಗು," ಎಂದಳು ದುಲಾರಿ.

"ಹೋದ್ರೆ ಇದು ನಿನ್ನ ಮೇಲೆ ಕೂರ್ತದೆ!"

"ಏನಾರ ಆನಿಸಿಟ್ಟು ಹೋಗು."

"ತಪೇಸರ ಬರ್ಲಿ. ಜಾಕು ಬರ್ಲಿ. ಬಂದ ತಕ್ಷಣ ಹೋಗ್ತೀನಿ."

"ಗಾಡಿ ಕಾಯ್ತದೇನೋ ಮುಂಡೇದೇ!" ಅವಳ ದನಿ ಹಳೆಯ ಖಡಕ್ಕಿಗೆ ಬಂತು. ಕೆಮ್ಮಿದಳು. "ಒಂದ್ಸಲ ನನಗೋಸ್ಕರ ಬಿಟ್ಟು ಬಂದೆ, ಸಾಕು. ಇನ್ನೊಂದು ಗಾಡಿ ಜನಾನ ನನ್ನ ತಲೆಗೆ ಕಟ್ಟಬೇಡ. ಹೋಗು ಅಂದ್ನಲ್ಲ!"

ಅವನು ಒಂದು ಕಾಲನ್ನು ಚಾಚಿ ತಡಕಿದ. ಯಾರದೋ ತಗಡಿನ ಟ್ರಂಕು ಸಿಕ್ಕಿತು. ಕಾಲಿನಿಂದಲೇ ಎಳೆದು, ಚೌಕಟ್ಟಿನ ಕೆಳಗೆ ನಿಲ್ಲಿಸಿ, ಇಂಚಿಂಚಾಗಿ ಹೆಗಲು ಇಳಿಸಿದ. ಟ್ರಂಕು ಚಿರ್ರೆಂದು ಕುಸಿದು ನಿಂತಿತು. ಅವಳ ಉಸಿರು ಚಿಕ್ಕದಾಯಿತು, ಆದರೆ ನಿಲ್ಲಲಿಲ್ಲ. ಟ್ರಂಕು ಮತ್ತೆ ಒಮ್ಮೆ ಚಿರ್ರೆಂದಿತು.

"ಮಾಯಿ."

"ಇನ್ನೂ ಇಲ್ಲೇ ಇದ್ದೀಯಾ?"

ಅವನು ಹಿಂದಕ್ಕೆ ತೆವಳಿದ. ಹೊರಬಂದು ಓಡಿದ.

ಮೊದಲ ಗಾಡಿಯ ಉದ್ದಕ್ಕೂ ಜನ ಇಳಿದು ನಿಂತಿದ್ದರು. ಕೆಲವರು ಅಳುತ್ತಿದ್ದರು, ಕೆಲವರು ಗಂಟು ಹುಡುಕುತ್ತಿದ್ದರು. ಒಂದು ಕಡೆ ಗುಂಪಿನ ನಡುವೆ ನೀಲಿ ಅಂಗಿಯ ಡ್ರೈವರ್ ತಲೆಯ ಮೇಲೆ ಕೈಗಳನ್ನಿಟ್ಟುಕೊಂಡು ಕೂತಿದ್ದ, ಅವನ ಮೇಲೆ ಚಪ್ಪಲಿಗಳು ಬೀಳುತ್ತಿದ್ದವು. "ಅವನನ್ನ ಬಿಡ್ರೋ! ನಾನು ಮಾಡಿದ್ದು! ನಾನು!" ಎಂದು ಓಡುತ್ತಲೇ ಜೋಖನ್ ಕೂಗಿದ. ಯಾರೂ ತಿರುಗಿ ನೋಡಲಿಲ್ಲ. ಒಬ್ಬ ದಪ್ಪ ಮನುಷ್ಯ ಅವನ ಕೋಟು ಹಿಡಿದು, "ಏಯ್, ರೈಲ್ವೆಯವನಾ? ನನ್ನ ಹೆಂಡ್ತಿ ಎಲ್ಲಿ?" ಎಂದ. ಜೋಖನ್ ಅವನ ಕೈ ಕಚ್ಚಿ ಬಿಡಿಸಿಕೊಂಡು ಓಡಿದ.

ಇಂಜಿನ್ ದಾಟಿದ ಮೇಲೆ ಜನರಿಲ್ಲ. ಬಿಳಿ ಮಾತ್ರ. ಪಕ್ಕದ ಹಳಿಯ ಮರದ ದಿಮ್ಮಿಗಳ ಮೇಲೆ ಕಾಲಿಟ್ಟು ಓಡಿದ. ಎಷ್ಟು ದೂರ ಸಾಕು? ಗಾಡಿ ನಿಲ್ಲಲು ಬೇಕಾಗುವಷ್ಟು. ಇನ್ನೂ ಸ್ವಲ್ಪ. ಎದೆ ಒಡೆಯುವಂತಾಯಿತು. ಒಂದೊಂದು ಹೆಜ್ಜೆಗೂ ಅವನ ಕಿವಿಯಲ್ಲಿ ಆ ಟ್ರಂಕು ಚಿರ್ರೆನ್ನುತ್ತಿತ್ತು. ತಿರುಗಿ ಹೋಗಿಬಿಡಲೇ? ಆ ಗಾಡಿ ಇವತ್ತು ಬರದೇ ಇದ್ದರೆ? ಎಲ್ಲ ಗಾಡಿಯೂ ತಡ, ಇದೂ ತಡವಾದರೆ? ಹೀಗೇ ಅಂದುಕೊಂಡು ತಾನೇ ಆಗ ಬಿಟ್ಟು ಹೋದದ್ದು. ಅವನು ತನ್ನನ್ನೇ ಕೆಟ್ಟದಾಗಿ ಬಯ್ದುಕೊಂಡು ಮತ್ತೆ ಓಡಿದ.

ಪಾದದ ಕೆಳಗೆ ಹಳಿ ಸಣ್ಣಗೆ ಗುಂಯ್ ಎಂದಿತು.

ಮೊಣಕಾಲೂರಿ ಕೂತ. ಪಟಾಕಿ ತೆಗೆದು ಪಟ್ಟಿ ಬಗ್ಗಿಸಿದ. ಬಗ್ಗಲಿಲ್ಲ. ಹಲ್ಲಿನಿಂದ ಕಚ್ಚಿ ಬಗ್ಗಿಸಿದ. ತುಟಿ ಹಳಿಗೆ ಉಜ್ಜಿ ಸುಲಿದುಬಂತು. ಒಂದು ಕೂತಿತು. ಕೆಲವು ಮಾರು ಮುಂದೆ ಓಡಿ ಇನ್ನೊಂದು. ಅದೂ ಹಲ್ಲಿನಿಂದಲೇ. ಮೂರನೆಯದನ್ನು ಕಟ್ಟುವಾಗ ಬೆಳಕು ಕಂಡಿತು. ಕಲ್ಲುಹಾಸಿನ ಕೆಳಕ್ಕೆ ಉರುಳಿ, ಎರಡು ಕೈಯನ್ನೂ ಬೀಸುತ್ತಾ, ಅರ್ಥವಿಲ್ಲದ ಕೂಗು ಕೂಗಿದ.

ಢಬ್. ಢಬ್. ಢಬ್.

ಬ್ರೇಕು ಹಿಡಿಯಿತು. ಬೋಗಿಗಳು ಒಂದರ ಹಿಂದೊಂದು ಚೀರುತ್ತಾ ಅವನ ಮುಂದೆ ಹಾದುಹೋದವು, ನಿಧಾನವಾಗುತ್ತಾ, ಇನ್ನೂ ನಿಧಾನವಾಗುತ್ತಾ. ಕೊನೆಗೆ ಒಂದು ಬೋಗಿ ಅವನ ಎದುರಿಗೇ ಗಕ್ಕನೆ ನಿಂತಿತು. ಮುಂದೆ, ಮಂಜಿನಾಚೆ, ಯಾವ ಸದ್ದೂ ಆಗಲಿಲ್ಲ. ಅವನು ಕಾದ. ಆಗಲಿಲ್ಲ.

ಕಿಟಕಿಯೊಂದು ಮೇಲೆದ್ದಿತು. ಉಲ್ಲನ್ ಟೋಪಿಯ ತಲೆಯೊಂದು ಹೊರಬಂತು. "ಯಾಕೆ ನಿಂತಿತು? ಯಾವ ಸ್ಟೇಷನ್ ಇದು?"

ಜೋಖನ್ ಅವನನ್ನೇ ನೋಡಿದ.

"ಕಿವುಡನೇನಯ್ಯಾ? ಚಾ ಸಿಗುತ್ತಾ ಇಲ್ಲಿ?" ಆಮೇಲೆ ಆ ಮನುಷ್ಯ, "ಕುಡಿದಿದ್ದಾನೆ" ಎಂದು ಒಳಗೆ ಯಾರಿಗೋ ಹೇಳಿ ಕಿಟಕಿ ಇಳಿಸಿಕೊಂಡ.

ಹಿಂದಿರುಗಿ ಓಡಬೇಕು ಎಂದು ಜೋಖನ್ ಎದ್ದ. ನಿಂತ ಗಾಡಿಯ ಬೋಗಿಗಳನ್ನು ಒಂದೊಂದಾಗಿ ಕೈಯಿಂದ ಹಿಡಿದುಕೊಂಡು, ಕುಡಿದವನಂತೆಯೇ ನಡೆದ. ಇಂಜಿನ್ನಿನವರೆಗೆ ಬಂದ. ಅದರ ಡ್ರೈವರ್ ಆಗಲೇ ಇಳಿದು ಮುಂದಕ್ಕೆ ಓಡಿದ್ದ. ಇಂಜಿನ್ ಒಂದೇ ಸಮನೆ ಗುರುಗುಟ್ಟುತ್ತಿತ್ತು. ಅದರ ದೀಪದ ಬೆಳಕು ಮಂಜಿನಲ್ಲಿ ಉದ್ದಕ್ಕೆ ಬಿದ್ದಿತ್ತು.

ಆ ಬೆಳಕಿನೊಳಗೆ ಯಾರೋ ನಡೆದು ಬರುತ್ತಿದ್ದರು. ಓಡಿ ಬರುತ್ತಿರಲಿಲ್ಲ, ನಡೆದು ಬರುತ್ತಿದ್ದರು. ಹತ್ತಿರ ಬಂದಾಗ ತಪೇಸರ ಎಂದು ಗೊತ್ತಾಯಿತು. ಹಣೆಯ ರಕ್ತ ಒಣಗಿತ್ತು. ಬೆಳಿಗ್ಗೆ ಅವನು ಹೊದ್ದುಕೊಂಡಿದ್ದ ಶಾಲು ಈಗ ಅವನ ಮೈಮೇಲಿರಲಿಲ್ಲ. ಬರಿಯ ಅಂಗಿಯಲ್ಲಿದ್ದ. ಆ ಚಳಿಯಲ್ಲೂ ಅವನು ನಡುಗುತ್ತಿರಲಿಲ್ಲ.

"ಮಾಯಿ ಮುಖ ಮುಚ್ಚಿ ಬಂದೆ," ಎಂದ ತಪೇಸರ. ಅಣ್ಣನ ಸುಲಿದ ತುಟಿಯನ್ನು ಒಂದು ಸಲ ನೋಡಿ, ಹಳಿಯ ಮೇಲೆ ಕೂತ.

ಜೋಖನ್ ಪಕ್ಕದಲ್ಲಿ ಕೂತ. ಕೋಟಿನ ಗುಂಡಿಗಳನ್ನು ಬಿಚ್ಚಿದ. ಬೆರಳು ಬಗ್ಗದೆ ಅದಕ್ಕೂ ಬಹಳ ಹೊತ್ತು ಹಿಡಿಯಿತು. ಒಂದು ತೋಳನ್ನು ಹೊರಗೆ ತೆಗೆದು, ಕೋಟಿನ ಆ ಅರ್ಧವನ್ನು ತಮ್ಮನ ಬೆನ್ನಿನ ಮೇಲೆ ಎಳೆದ. ಅವರ ಹಿಂದೆ ಗಾಡಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ಮೈ ತುಂಬ ಹೊದ್ದುಕೊಂಡ ಜನ ಕೆಳಗಿಳಿದು, ಆಕಳಿಸುತ್ತಾ, ಬಿಳಿಯೊಳಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.